ಖಾತ್ರಿಗಾಗಿ ಒಂದು ಪ್ರಶ್ನೆ

“ಮಡಗ್ಲಾ ಫೋನು, ಕಳ್ಳ ನನ್ಮಗ್ನೆ!”

ಚನ್ನಕೇಶವ ರಿಸೀವರನ್ನು ಕಿವಿಯಿಂದ ದೂರ ಹಿಡಿದ. ಹದಿನೇಳು ವರ್ಷ ಬ್ಯಾಂಕಿನಲ್ಲಿ ದುಡಿದವನನ್ನು ಯಾರೂ ಇಷ್ಟು ನೇರವಾಗಿ ಕಳ್ಳನೆಂದು ಕರೆದಿರಲಿಲ್ಲ. ಎದುರಿನ ಗೋಡೆಯಲ್ಲಿ ಅವನೇ ಬರೆಸಿದ ಬೋರ್ಡು ನೇತಾಡುತ್ತಿತ್ತು: ‘ಬ್ಯಾಂಕಿನವರೆಂದು ಹೇಳಿ ಯಾರೇ ಫೋನ್ ಮಾಡಿದರೂ ನಂಬಬೇಡಿ.’ ತಮಿಳುನಾಡಿನ ಹೊಸೂರಲ್ಲವೇ, ತಮಿಳಿನಲ್ಲಿ ದಪ್ಪಗೆ, ಕನ್ನಡ ತೆಲುಗಿನಲ್ಲಿ ಸಣ್ಣಗೆ.

ಬೇರಿಕೆ ಹಳ್ಳಿಯ ಗೋವಿಂದಮ್ಮ ಅದನ್ನು ಚಾಚೂ ತಪ್ಪದೆ ಪಾಲಿಸಿದ್ದಳು. ಮಾಡಿದ್ದುಣ್ಣೋ ಮಹಾರಾಯ.

ಬೆಳಿಗ್ಗೆ ಹತ್ತೂವರೆಗೆ ಕಂಪ್ಯೂಟರಿನಲ್ಲಿ ಎಚ್ಚರಿಕೆ ಬಂದಿತ್ತು. ಅವಳ ನಾಲ್ಕು ಲಕ್ಷದ ಠೇವಣಿಯನ್ನು ಯಾರೋ ಹೊಸ ಫೋನೊಂದರಿಂದ ಮುರಿಯುತ್ತಿದ್ದರು. ಚನ್ನಕೇಶವ ತಕ್ಷಣ ಖಾತೆಗೆ ಬೀಗ ಹಾಕಿದ. ದುಡ್ಡು ಉಳಿಯಿತು, ಸದ್ಯಕ್ಕೆ. ಆದರೆ ಖಾತೆಯವಳೇ ಬಂದು ಸಹಿ ಹಾಕಿ ಕೇಳಿದರೆ ಬೀಗ ತೆಗೆಯಲೇಬೇಕು. ತೆಗೆದರೆ ಮರುಗಳಿಗೆಯಲ್ಲಿ ಎಲ್ಲ ಹೋಗುತ್ತದೆ. ಅಷ್ಟರೊಳಗೆ ಅವಳು ತನ್ನನ್ನು ನಂಬಬೇಕು.

ಮತ್ತೆ ಫೋನ್ ಮಾಡಿದ.

“ಆ ಸಾರು ಬೆಳಿಗ್ಗೇನೇ ಹೇಳವ್ರೆ. ಒಬ್ಬ ಕಳ್ಳ ಫೋನ್ ಮಾಡ್ತಾನೆ, ಖಾತೆಗೆ ಬೀಗ ಹಾಕಿದೀನಿ ಅಂತಾನೆ ಅಂತ.”

“ಯಾವ ಸಾರು?”

“ಬ್ಯಾಂಕಿನ್ ಸಾರು.”

“ಬ್ಯಾಂಕಿನ ಸಾರು ನಾನೇ, ಅಮ್ಮ.”

ಅವನ ಕಿವಿಗೇ ಆ ಮಾತು ಸುಳ್ಳೆನಿಸಿತು. ಮುಂದಿನದು ನಿಯಮದ ಪ್ರಕಾರ ಬಾಯಿಗೆ ತಾನಾಗಿ ಬಂತು. “ಖಾತ್ರಿಗಾಗಿ ನಿಮ್ಮ ಹುಟ್ಟಿದ ದಿನಾಂಕ ಹೇಳ್ತೀರಾ?”

ಗೋವಿಂದಮ್ಮ ನಕ್ಕಳು. “ಖಾತ್ರಿ ನೀನ್ ಹೇಳ್ಲಾ. ಇಸ್ಕೂಲ್ ತಾವ ಮೀಟಿಂಗ್ ಮಾಡ್ದಾಗ ಆ ಸಾರ್‌ಗೆ ನಾ ಏನ್ ಕೊಟ್ಟೆ?”

ಫೋನ್ ಕಳ್ಳರ ಬಗ್ಗೆ ಎಚ್ಚರಿಸಲು ಬೇರಿಕೆಯ ಶಾಲೆಯಲ್ಲಿ ಅವನೇ ಮಾಡಿದ ಮೀಟಿಂಗು ನೆನಪಿತ್ತು. ಮೈಕು, ಬ್ಯಾನರು, ಮೇಲಿನವರಿಗೆ ಕಳಿಸಲು ತೆಗೆಸಿದ ಫೋಟೋ. ಮುಖಗಳು ನೆನಪಿರಲಿಲ್ಲ.

“ಮಜ್ಜಿಗೆ?” ಎಂದ.

ಫೋನ್ ಕಟ್ಟಾಯಿತು.

ಗೋವಿಂದಮ್ಮನ ದೊಡ್ಡ ದನಿ ಪಕ್ಕದ ಸೀಟಿಗೂ ಕೇಳಿಸಿತ್ತು. ಶ್ರೀವಿದ್ಯಾ ತಲೆ ಎತ್ತದೆ ಹೇಳಿದಳು. “ಸೀಬೆಹಣ್ಣು ಸಾರ್. ಮೂರು. ನೀವು ಜೀಪಲ್ಲಿ ನಂಗೆ ಕೊಟ್ಬಿಟ್ರಿ.”

ಆಮೇಲೆ ಆರು ಸಲ ಮಾಡಿದ. ಗೋವಿಂದಮ್ಮ ಎತ್ತಲಿಲ್ಲ.

ಮಧ್ಯಾಹ್ನ, ಯಾಕೋ, ಬ್ಯಾಂಕಿನ ಫೋನಿನಿಂದಲೇ ಹಾಸನದ ಮನೆಗೆ ಮಾಡಿದ. ಹೆಂಡತಿಯೂ ಎತ್ತಲಿಲ್ಲ. ಗೊತ್ತಿಲ್ಲದ ನಂಬರು ಎತ್ತಬೇಡವೆಂದು ಕಲಿಸಿದವನು ಅವನೇ. ತನ್ನ ಮೊಬೈಲಿನಿಂದ ಮಾಡಿದ.

“ಊಟ ಆಯ್ತಾ?” ಎಂದಳು ನಂದಿತಾ.

“ಆಯ್ತು.” ಆಗಿರಲಿಲ್ಲ.

“ಮತ್ತೆ?”

“ನಾನೇ ಅಂತ ನಿಂಗೆ ಹೇಗೆ ಗೊತ್ತಾಯ್ತು?”

“ಹೆಸರು ಬರುತ್ತಲ್ಲ, ಫೋನಲ್ಲಿ.”

ಬೇರೇನಾದರೂ ಹೇಳುತ್ತಾಳೆಂದು ಕಾದ. ಅಡುಗೆಮನೆಯಲ್ಲಿ ಕುಕ್ಕರು ಕೂಗಿತು. ಇಡ್ತೀನಿ ಎಂದಳು.

ಮೂರು ಗಂಟೆಗೆ ಗೋವಿಂದಮ್ಮ ತಾನಾಗಿಯೇ ಹೊಸೂರಿನ ಬ್ಯಾಂಕಿಗೆ ಬಂದಳು. ಪ್ಲಾಸ್ಟಿಕ್ ಕವರಿನಿಂದ ಪಾಸ್‌ಬುಕ್ ತೆಗೆದು ಮೇಜಿನ ಮೇಲಿಟ್ಟಳು. ಆಗಲೇ ಯಾರಿಂದಲೋ ಅರ್ಜಿ ಬರೆಸಿ ಸಹಿ ಹಾಕಿದ್ದಳು.

“ಬೀಗ ತೆಗೀರಿ.”

“ಅಮ್ಮ, ಬೇರಿಕೆಗೆ ಬಂದು ಮಾತಾಡಿದ್ದು ನಾನೇ. ಸೀಬೆಹಣ್ಣು ಕೊಟ್ರಿ. ಮೂರು.”

“ಕೇಳ್ಕೊಂಡ್ ಬಂದು ಹೇಳೋಕೆ ಯಾರ್ಗ್ ಬರಾಕಿಲ್ಲ?” ಅವನ ಮುಖವನ್ನು ದಿಟ್ಟಿಸಿದಳು. “ನೀವೇ ಇರ್ಬೋದು. ಆವತ್ತು ಮೈಕು ಅಡ್ಡ ಇತ್ತು. ಆದ್ರೆ ಬ್ಯಾಂಕ್ ಒಳಗೂ ಕಳ್ರವ್ರೆ ಅಂದ್ರು ಆ ಸಾರು. ಬೇಲೀನೇ ಎದ್ದು ಹೊಲ ಮೇಯ್ದಂಗೆ.”

“ಅವರನ್ನ ನೋಡಿದೀರಾ?”

“ನೋಡೋದ್ಯಾಕೆ? ಹದಿನೈದು ದಿನದಿಂದ ಫೋನ್ ಮಾಡ್ತಾವ್ರೆ. ಅಮ್ಮಯ್ಯ, ಮಂಡಿನೋವು ಹೆಂಗೈತೆ ಅಂತಾರೆ. ನಾಗಲಕ್ಷ್ಮಿ ನರ್ಸಿಂಗ್ ಸೇರುದ್ಲಾ ಅಂತಾರೆ. ನಮ್ಮೋರಂಗೇ ಮಾತು. ನಿಮ್ದು ಬುಕ್ಕಲ್ಲಿರೋ ಕನ್ನಡ.”

ನಾಗಲಕ್ಷ್ಮಿ ಮೊಮ್ಮಗಳು. ಅವಳ ಓದಿಗೆಂದು ಆ ಹೆಸರು ಅವನೇ ರುಜು ಮಾಡಿದ ಠೇವಣಿ ಅರ್ಜಿಯಲ್ಲಿತ್ತು. ಓದಿದ್ದು ಇವತ್ತು.

ಚನ್ನಕೇಶವನಿಗೆ ಹೊಟ್ಟೆಕಿಚ್ಚಾಯಿತು. ಕಳ್ಳನ ಮೇಲೆ. ನಾಚಿಕೆಯೂ ಆಯಿತು, ಆದರೆ ಹೊಟ್ಟೆಕಿಚ್ಚೇ ಹೆಚ್ಚಾಗಿತ್ತು.

“ಬೀಗ ತೆಗೆದ್ರೆ ಆ ಮಗು ಓದಿನ ದುಡ್ಡು ಹೋಗುತ್ತೆ, ಅಮ್ಮ. ಒಂದೇ ಒಂದು ಸಲ ನನ್ನ ನಂಬಿ.”

ಅವಳ ಕೈ ಅರ್ಜಿಯ ಮೇಲೆ ತಡೆದು ನಿಂತಿತು. ಅವನನ್ನು ನೋಡಿದಳು, ಗೋಡೆಯ ಬೋರ್ಡು ನೋಡಿದಳು, ಮತ್ತೆ ಅವನನ್ನು ನೋಡಿದಳು. ನಿಜಕ್ಕೂ ಹೆದರಿದ್ದಳು.

“ಇರಿ. ಕೇಳ್ತೀನಿ.”

ಸೆರಗಿನ ಮರೆಯಿಂದ ಮೊಬೈಲು ತೆಗೆದು ಒತ್ತಿದಳು. ಕಿತ್ತುಕೊಳ್ಳಬಹುದಿತ್ತು. ಅವನ ಕೈ ಏಳಲಿಲ್ಲ.

“ಸಾರ್, ನಾನು, ಗೋವಿಂದಮ್ಮ. ಬ್ಯಾಂಕ್ ತಾವ ಇವ್ನಿ. ಇಲ್ಲೊಬ್ರು ಕುಂತವ್ರೆ. ಕನ್ನಡಕ, ನೀಲಿ ಅಂಗಿ. ದಿಟವಾಗ್ಲೂ ಬ್ಯಾಂಕಿನೋರೇನಾ ಇವ್ರು?”

ಅವಳ ಕಣ್ಣು ಅವನ ಮುಖದ ಮೇಲೇ ಇತ್ತು. ಫೋನಿನಲ್ಲಿ ಆ ಮನುಷ್ಯ ನಿಧಾನವಾಗಿ ಯೋಚಿಸುತ್ತಿದ್ದಂತಿತ್ತು.

ಚನ್ನಕೇಶವ ಕೊರಳಲ್ಲಿ ತಿರುಗಿಬಿದ್ದಿದ್ದ ಗುರುತಿನ ಚೀಟಿಯನ್ನು ಫೋಟೋ ಕಾಣುವಂತೆ ಹೊರಳಿಸಿದ. ಬೆನ್ನು ನೆಟ್ಟಗೆ ಮಾಡಿ ಕೂತ. ಕಳ್ಳ ಏನು ಹೇಳುತ್ತಾನೋ ಎಂದು ಕಾದ.