ಮೂರು ಕಪ್ ಗೆದ್ದವನು

"ನೋಡ್ರಿ ಡಾಕ್ಟರ್ ಮೇಡಂ, ಈ ಕುಂಟನ್ನ ತಯಾರ ಮಾಡಿದಾಂವ ನಾನ. ಸಾಲಿ ತೆಲಿಗೆ ಹತ್ತಲಿಲ್ಲ, ಕಾಲು ಕೈ ಕೊಡ್ತು. ಈಗ ಹುಲ್ಲು ಕತ್ತರಸ್ತಾನ. ಮಂದಿ ಕಾಲಿಗೆ ಬೀಳೂದೊಂದು ಮಾತ್ರ ಚಂದ ಕಲ್ತಾನ."

ರುದ್ರೇಶ ಆಗಿನ್ನೂ ಬಗ್ಗಿಯೇ ಇದ್ದ. ವಿಕಾಸನ ಬೂಟು ಮುಟ್ಟಿದ ಬೆರಳು ಕಣ್ಣಿಗೆ ಒತ್ತಿಕೊಳ್ಳುವಷ್ಟರಲ್ಲಿ ಮಾತು ಬೆನ್ನ ಮೇಲೆ ಬಿತ್ತು. ವಿಕಾಸ ಅದನ್ನೇ ಇಂಗ್ಲಿಷಿನಲ್ಲಿ ಇನ್ನೊಮ್ಮೆ ಹೇಳಿ, ಚಹಾ ಕುಡಿಯುತ್ತಿದ್ದ ಪ್ರಿನ್ಸಿಪಾಲರನ್ನೂ ಆಫೀಸಿನವರನ್ನೂ ನಗಿಸಿದ. ಡಾಕ್ಟರ್ ರಜನಿಯೂ ನಕ್ಕರು. ನಕ್ಕು, ಹಾಗೆ ಕಾಲು ಮುಟ್ಟುವುದಕ್ಕೆ ಏನರ್ಥ ಎಂದು ಪ್ರಿನ್ಸಿಪಾಲರಿಗೆ ಬಿಡಿಸಿ ಹೇಳಿದರು.

ದಕ್ಷಿಣ ಲಂಡನ್ನಿನ ಕ್ರೋಯ್ಡನ್ನಿನ ಆ ಕಾಲೇಜಿನಲ್ಲಿ ಅವತ್ತು ಫುಟ್‌ಬಾಲ್ ಕೋಚ್ ಕೆಲಸಕ್ಕೆ ಇಂಟರ್‌ವ್ಯೂ ಇತ್ತು. ಆರಿಸುವವರು ಮೂವರು. ಒಬ್ಬರು ಪ್ರಿನ್ಸಿಪಾಲರು. ಇನ್ನೊಬ್ಬರು ಆಡಳಿತ ಮಂಡಳಿಯ ರಜನಿ. ಮೈಸೂರಿನವರು, ಜಿಪಿ ಅಂದರೆ ಸಾಮಾನ್ಯ ಕಾಯಿಲೆ ನೋಡುವ ಡಾಕ್ಟರು, ಸ್ಟ್ಯಾನ್ಮೋರಿನಿಂದ ಇಡೀ ಲಂಡನ್ ದಾಟಿಕೊಂಡು ಕಾರಿನಲ್ಲಿ ಬಂದಿದ್ದರು. ಮೂರನೆಯ ಕುರ್ಚಿ ಸಿಬ್ಬಂದಿಯ ಕಡೆಯ ಒಬ್ಬರಿಗೆ ಎಂದು ನಿಯಮ. ಆ ವರ್ಷ ಅದು ಮೈದಾನ ನೋಡಿಕೊಳ್ಳುವ ರುದ್ರೇಶನ ಪಾಲಿಗೆ ಬಂದಿತ್ತು. ವಿಕಾಸ ತನ್ನ ಹಳೆಯ ಕೋಚ್ ಎಂದು ಅವನು ಫಾರಂನಲ್ಲಿ ಮೊದಲೇ ಬರೆದುಕೊಟ್ಟಿದ್ದ. ಬಲ್ಲವರು ಇದ್ದರೆ ಒಳ್ಳೆಯದೇ ಎಂದು ರಜನಿ ಅವನನ್ನೇ ಉಳಿಸಿಕೊಂಡಿದ್ದರು.

ಅರ್ಜಿದಾರರಲ್ಲಿ ಕೊನೆಗೆ ಉಳಿದವರು ಇಬ್ಬರು. ವಿಕಾಸ ಬೇರೆ ಕಾಲೇಜುಗಳಲ್ಲಿ ಐದು ವರ್ಷಕ್ಕೆ ಮೂರು ಕಪ್ ಗೆದ್ದಿದ್ದ. ಡೆಸ್ಮಂಡ್ ಎಂಬಾತ ಒಂದನ್ನೂ ಗೆದ್ದಿರಲಿಲ್ಲ. ಅವನ ತಂಡ ಪ್ರತಿವರ್ಷ ಪಟ್ಟಿಯ ನಡುವೆ ಎಲ್ಲೋ ಇರುತ್ತಿತ್ತು. ಆದರೆ ನಾಲ್ಕು ವರ್ಷದಲ್ಲಿ ಅವನ ಹುಡುಗರಲ್ಲಿ ಒಬ್ಬನೂ ಓದು ಬಿಟ್ಟಿರಲಿಲ್ಲ. ಹುಡುಗನಿಗೆ ಪೆಟ್ಟಾದರೆ ಏನು ಮಾಡುತ್ತೀರಿ ಎಂದು ಕೇಳಿದಾಗ ಡೆಸ್ಮಂಡ್, "ಆಟದಿಂದ ಹೊರಗೆ ಕೂಡಿಸ್ತೀನಿ, ಅವನ ಹತ್ತಿರ ಬೈಸಿಕೊಳ್ತೀನಿ" ಅಂದ. ಅದೇ ಪ್ರಶ್ನೆಗೆ ವಿಕಾಸ, "ಅವರಿಂದ ಅವರಿಗೇ ಗೊತ್ತಿಲ್ಲದ ಶಕ್ತಿ ಹೊರಗೆ ತೆಗೀತೀನಿ" ಅಂದ. ರಜನಿ ಅದನ್ನು ಬರೆದುಕೊಂಡು ಕೆಳಗೆ ಗೆರೆ ಎಳೆದರು.

ಇಬ್ಬರೂ ಹೊರಗೆ ಹೋದ ಮೇಲೆ ರಜನಿಯೇ ಮೊದಲು ಬಾಯಿ ಬಿಟ್ಟರು. ಮೂರು ವರ್ಷದಿಂದ ಕಾಲೇಜಿಗೆ ಸೇರುವವರು ಕಡಿಮೆಯಾಗುತ್ತಿದ್ದಾರೆ, ಒಂದು ಕಪ್ ಬಂದರೆ ಪೇಪರಿನಲ್ಲಿ ಫೋಟೋ ಬರುತ್ತದೆ, ಫೋಟೋ ನೋಡಿ ಹುಡುಗರು ಬರುತ್ತಾರೆ. ಡೆಸ್ಮಂಡ್ ಒಳ್ಳೆಯವನೇ, ಆದರೆ ಬರೀ ಒಳ್ಳೆಯತನಕ್ಕೆ ಯಾರು ಅರ್ಜಿ ಹಾಕುತ್ತಾರೆ ಎಂದರು. ಪ್ರಿನ್ಸಿಪಾಲರಿಗೆ ಡೆಸ್ಮಂಡ್ ಮೇಲೆ ಮನಸ್ಸಿತ್ತು. ವಿಕಾಸನ ನಡತೆಯ ಬಗ್ಗೆ ಅಲ್ಲಿ ಇಲ್ಲಿ ಮಾತು ಕೇಳಿದ್ದೇನೆ, ಆದರೆ ಕೈಯಲ್ಲಿ ಏನೂ ಇಲ್ಲ ಎಂದರು.

"ನಡತೆ ವಿಷಯಕ್ಕೆ ಇವರೇ ಇದಾರಲ್ಲ," ಅಂದರು ರಜನಿ. ಆಮೇಲೆ ಕನ್ನಡದಲ್ಲಿ, "ಅಷ್ಟು ಜನದ ಮುಂದೆ ನೀವೇ ಕಾಲಿಗೆ ಬಿದ್ರಿ. ಅದಕ್ಕಿಂತ ದೊಡ್ಡ ರೆಫರೆನ್ಸ್ ಬೇಕೇನಪ್ಪ?"

ರುದ್ರೇಶ ತನ್ನ ಕೈ ನೋಡಿಕೊಂಡ. ಮುಂಜಾನೆ ಗೆರೆ ಹಾಕಿದ ಬಿಳಿ ಬಣ್ಣ ಉಗುರಿನಲ್ಲಿ ಉಳಿದಿತ್ತು. ಹಿರಿಯರು ಎದುರಿಗೆ ಬಂದರೆ ಬಗ್ಗುವುದನ್ನು ಅವ್ವ ಚನ್ನಬಸವ್ವ ಮಾತು ಕಲಿಸುವ ಮೊದಲೇ ಕಲಿಸಿದ್ದಳು. ಬಗ್ಗುವಾಗ ಅವನು ಏನನ್ನೂ ಯೋಚಿಸಿರಲಿಲ್ಲ. ಆ ಒಂದು ಸಲ ಬಗ್ಗಿದ್ದಕ್ಕೆ ಇಲ್ಲಿ ಸಾಕ್ಷಿಯ ಬೆಲೆ ಬಂದುಬಿಟ್ಟಿತ್ತು. ಅವನು ಸುಮ್ಮನಿದ್ದರೆ ಈ ಮೈದಾನದ ಇಪ್ಪತ್ತು ಹುಡುಗರು ವಿಕಾಸನ ಕೈಗೆ ಹೋಗುತ್ತಿದ್ದರು.

"ಕಾಲು ಮುಟ್ಟಿದ್ದು ವಯಸ್ಸಿಗ್ರಿ ಮೇಡಂ. ಕೆಟ್ಟ ಕಾಕಾ ಬಂದ್ರೂ ಮುಟ್ತೀವಿ."

ಮುಂದಿನದನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹೇಳಿದ, ಪ್ರಿನ್ಸಿಪಾಲರಿಗೂ ತಿಳಿಯಲಿ ಎಂದು. ಹದಿನೇಳನೇ ವಯಸ್ಸು, ವಿಕಾಸನ ತಂಡದಲ್ಲಿ ಆಡುತ್ತಿದ್ದ. ಫೈನಲ್‌ಗೆ ಎರಡು ದಿನ ಮೊದಲು ಪಾದದ ಹರಡಿನ ಎಲುಬು ಸೀಳಿತ್ತು.

"ಎಕ್ಸ್‌ರೇ ಆಗಿತ್ತಾ?" ರಜನಿ ಪೆನ್ನು ಕೆಳಗಿಟ್ಟರು.

"ಆಗಿತ್ರಿ. ಆರು ವಾರ ಆಡಬಾರದು ಅಂತ ಆಸ್ಪತ್ರ್ಯಾಗ ಚೀಟಿ ಕೊಟ್ರು. ಅದನ್ನ ಸರ್ ತಮ್ಮ ಕಿಸೆದಾಗ ಇಟ್ಕೊಂಡ್ರು. ಪಟ್ಟಿ ಸುತ್ತಿ ಇಳಿಸಿದ್ರು."

"ನೀವು ಆಡಲ್ಲ ಅನ್ನಬಹುದಿತ್ತಲ್ಲ?"

"ಯಾಕನ್ಲಿ? ಆಡ್ತೀನಿ ಅಂತ ನಾನ ಗಂಟು ಬಿದ್ದಿದ್ದೆ. ಗೋಲೂ ಹೊಡದೆ. ಇವತ್ತು ನೆನಸಿದ್ರೂ ಖುಷಿ ಆಗ್ತದ್ರಿ, ಸುಳ್ಳು ಯಾಕ ಹೇಳ್ಲಿ." "ಅದಕ್ಕ ಹೇಳಾಕತ್ತೀನಿ. ಹುಡುಗ್ರು ಒಲ್ಲೆ ಅನ್ನಂಗಿಲ್ಲ. ಒಲ್ಲೆ ಅನ್ನಾಂವ ಕೋಚ್ ಆಗಿರಬೇಕು."

ಎರಡು ಆಪರೇಷನ್, ಕಾಲೇಜಿಗೆ ಹಾಜರಿ ಇಲ್ಲ, ವಿಕಾಸ ತಂಡದಿಂದ ಹೆಸರು ತೆಗೆದದ್ದು, ಹುಡುಗನಿಗೆ ಶಿಸ್ತಿಲ್ಲ ಎಂದು ಅಪ್ಪನಿಗೆ ಫೋನು ಮಾಡಿ ಹೇಳಿದ್ದು, ಓದು ಅಲ್ಲಿಗೆ ನಿಂತದ್ದು, ಎಲ್ಲವನ್ನೂ ಹುಲ್ಲಿನ ಲೆಕ್ಕ ಒಪ್ಪಿಸುವವನಂತೆ ಒಂದೇ ದನಿಯಲ್ಲಿ ಹೇಳಿ ಮುಗಿಸಿದ.

ರಜನಿ ತಾವು ಗೆರೆ ಎಳೆದ ಸಾಲನ್ನು ಇನ್ನೊಮ್ಮೆ ಓದಿದರು. ಬರೆದಿಟ್ಟ ಸಾಕ್ಷಿ ಇದೆಯೇ ಎಂದು ಪ್ರಿನ್ಸಿಪಾಲರು ಕೇಳಿದರು. ಆಸ್ಪತ್ರೆಯಲ್ಲಿ ತಾರೀಕು ಸಮೇತ ಇರುತ್ತದೆ, ತರಿಸಿಕೊಡುತ್ತೇನೆ ಎಂದ ರುದ್ರೇಶ.

"ಬೇಕಾಗಲ್ಲ," ಅಂದರು ರಜನಿ. ಅವರು ಡೆಸ್ಮಂಡ್ ಹೆಸರಿಗೆ ಗುರುತು ಹಾಕಿದರು, ಆದರೆ ಮುಖ ಸಡಿಲವಾಗಲಿಲ್ಲ. "ಮುಂದಿನ ವರ್ಷವೂ ಕಪ್ ಬರಲಿಲ್ಲ, ಹುಡುಗರೂ ಬರಲಿಲ್ಲ ಅಂದ್ರೆ ಮಂಡಳಿ ಮುಂದೆ ನೀವೇ ನಿಂತು ಹೇಳಬೇಕು. ಮೊದಲು ಕತ್ತರಿ ಬೀಳೋದು ಮೈದಾನದ ಖರ್ಚಿಗೇ."

"ನಿಲ್ತೀನ್ರಿ."

ಹೊರಗೆ ಕಾರ್ ಪಾರ್ಕಿನಲ್ಲಿ ವಿಕಾಸ ಕಾದಿದ್ದ. ಫಲಿತಾಂಶ ಸಂಜೆಗೆ ಫೋನಿನಲ್ಲಿ ಎಂದು ಹೇಳಿ ಕಳಿಸಿದ್ದರೂ ಹೋಗಿರಲಿಲ್ಲ. ರುದ್ರೇಶನನ್ನು ಕಂಡವನೇ ತೋಳು ಚಾಚಿ ಬಂದ.

"ಒಳಗ ನಮ್ಮ ಹುಡುಗ ಕುಂತಾನಂದ ಮ್ಯಾಲ ನನಗೇನ್ ಚಿಂತಿ ಇಲ್ಲ ಬಿಡು. ಚಹಾದ ಹೊತ್ತಿಗಿ ಅಂದದ್ದು ಚಾಷ್ಟಿ, ಮನಸಿಗೆ ಹಚ್ಕೋಬ್ಯಾಡ. ನಾ ಬಂದ್ರ ನಿನ್ನ ಹುಲ್ಲಿನಿಂದ ಎಬ್ಬಿಸಿ ಅಸಿಸ್ಟಂಟ್ ಮಾಡ್ಕೋತೀನಿ. ಏನಪಾ, ನನ್ನ ಬಗ್ಗೆ ಛಲೋ ಹೇಳಿದಿಲ್ಲೋ?"

ರುದ್ರೇಶ ಆ ತೋಳಿಗೆ ಸಿಗದ ಹಾಗೆ ಒಂದು ಹೆಜ್ಜೆ ಹಿಂದಕ್ಕೆ ಸರಿದ. ಟ್ರ್ಯಾಮ್ ಒಂದು ಗೇಟಿನಾಚೆ ತಿರುಗಿ ಹೋಯಿತು.

"ಯಾಕ, ಬಾಯಾಗ ಏನರ ಇಟ್ಕೊಂಡಿಯೇನು? ಏನ್ ಹೇಳಿದಿ ಹೇಳಲೇ."

ರುದ್ರೇಶ ಜಾಕೆಟ್ಟಿನ ಜಿಪ್ ಮೇಲಕ್ಕೆಳೆದು, ಅವನನ್ನು ಬಳಸಿಕೊಂಡು ಗೇಟಿನ ಕಡೆ ನಡೆದ.