ಅರಿಶಿನ ಕೆಳಗಿರುವ ಬಾವುಟ

ನನ್ನ ಹೊಲಿಗೆಯಲ್ಲಿ ತಪ್ಪು ಹುಡುಕುವವರು ಇನ್ನೂ ಹುಟ್ಟಿಲ್ಲ ಎಂದು ಮೂವತ್ತು ವರ್ಷದಿಂದ ಹೇಳಿಕೊಂಡು ಬಂದವಳು ನಾನು. ದಾವಣಗೆರೆಯ ಸರಸ್ವತಿ ನಗರದಲ್ಲಿ ಟೈಲರ್ ಲಕ್ಷ್ಮೀದೇವಿ ಎಂದರೆ ಯಾರಾದರೂ ಮನೆ ತೋರಿಸುತ್ತಾರೆ. ಬ್ಲೌಸು, ಲಂಗ, ಶಾಲೆಯ ಯೂನಿಫಾರ್ಮು ಎಲ್ಲ ಆಯಿತು, ನವೆಂಬರ್ ಬಂತೆಂದರೆ ಕನ್ನಡ ಬಾವುಟ. ಸುತ್ತಲಿನ ಆಟೋ ಸ್ಟ್ಯಾಂಡುಗಳಿಗೆಲ್ಲ ನನ್ನದೇ. ಬರೀ ಹೊಲಿದು ಕೈತೊಳೆದುಕೊಳ್ಳುವ ಪೈಕಿ ಅಲ್ಲ ನಾನು. ಅಂಚಿನೊಳಗೆ ಹಗ್ಗ ತೂರಿಸಿ, ಮೇಲಿನ ತುದಿಗೆ ಕುಣಿಕೆ ಮಾಡಿ, ಮಡಚಿ, ಬಿಚ್ಚುಗಂಟು ಹಾಕಿಯೇ ಕೊಡುತ್ತೇನೆ. ಆಟೋದವರು ಕಂಬಕ್ಕೇರಿಸಿ ಹಗ್ಗ ಜಗ್ಗಿದರೆ ಸಾಕು, ಅರಿಶಿನ ಮೇಲೆ, ಕುಂಕುಮ ಕೆಳಗೆ, ಲಕ್ಷಣವಾಗಿ ಬಿಚ್ಚಿಕೊಳ್ಳುತ್ತದೆ.

ನನಗೆ ಒಬ್ಬಳೇ ಮಗಳು, ಚೈತ್ರಾ. ಖಾಸಗಿ ಶಾಲೆಯಲ್ಲಿ ಟೀಚರು, ಜೊತೆಗೆ ಗೈಡ್ಸ್ ಕ್ಯಾಪ್ಟನ್. ಮದುವೆ ವಯಸ್ಸಿನಲ್ಲಿ ಸೀಟಿ ಊದಿಕೊಂಡು ತಿರುಗುತ್ತೀಯಲ್ಲೇ ಎಂದು ನಾನು ಬೈಯದ ದಿನವಿಲ್ಲ. ಅವಳೋ ಕಲ್ಲು ಬಂಡೆ. ಈ ಸಲ ಕೊಂಡಜ್ಜಿಯ ಸ್ಕೌಟ್ಸ್ ಶಿಬಿರಕ್ಕೆ ಹೊರದೇಶಗಳಿಂದ ಹುಡುಗ ಹುಡುಗಿಯರು ಬರುವವರಿದ್ದರು. ಅವರವರ ದೇಶದ ಬಾವುಟ ಏರಿಸುವ ಜವಾಬ್ದಾರಿ ಚೈತ್ರಾಳಿಗೆ ಬಂದಿತ್ತು. ಅದನ್ನು ಸರಿಯಾಗಿ ನಡೆಸಿಕೊಟ್ಟರೆ ಕೊಂಡಜ್ಜಿಯಲ್ಲೇ ತರಬೇತಿ ಕೊಡುವ ಕೆಲಸಕ್ಕೆ ತೆಗೆದುಕೊಳ್ಳುತ್ತೇವೆ ಎಂದು ಶಿಬಿರದ ಮುಖ್ಯಸ್ಥರು ಹೇಳಿದ್ದರು. ಆ ಕೆಲಸವೆಂದರೆ ಅವಳಿಗೆ ಜೀವ.

ನಮ್ಮ ದೇಶದ್ದು ಖಾದಿ ಭಂಡಾರದಿಂದ ಬಂತು. ಉಳಿದ ಹನ್ನೊಂದು ನನ್ನ ಪಾಲಿಗೆ. ಚೈತ್ರಾ ಬಣ್ಣದ ಚಿತ್ರಗಳನ್ನು ತಂದು ಮಷೀನಿನ ಮೇಲೆ ಹರಡಿದಳು.

"ಇದೇನೇ, ಬಿಳಿ ಬಟ್ಟೆ ಮ್ಯಾಲೆ ಕುಂಕುಮ?"

"ಜಪಾನ್ ಕಣವ್ವ. ಅದು ಸೂರ್ಯ."

"ಈ ಹಸಿರಿನ ಮ್ಯಾಲಿಂದು? ನಡುವೆ ಇಲ್ಲವಲ್ಲ. ಬರೆದೋನಿಗೆ ಟೇಪ್ ಹಿಡಿಯಾಕೆ ಬರಲ್ವೇನು?"

"ಬಾಂಗ್ಲಾದೇಶದ್ದು. ಬೇಕಂತ್ಲೇ ಕಂಬದ ಕಡೆ ಸರಿಸ್ಯಾರೆ. ಗಾಳಿಗೆ ಹಾರುವಾಗ ನಡುವೆ ಕಾಣ್ಲಿ ಅಂತ."

ಪರವಾಗಿಲ್ಲ, ಬಟ್ಟೆಯ ಗುಣ ಬಲ್ಲವರು ಎಂದುಕೊಂಡೆ. ನೇಪಾಳದ್ದಕ್ಕೆ ನಾಲ್ಕು ಮೂಲೆಯೇ ಇಲ್ಲ. ಒಂದರ ಕೆಳಗೊಂದು ಎರಡು ತ್ರಿಕೋನ, ಅಂಚಿಗೆ ನೀಲಿ ಪಟ್ಟಿ ಕೂಡಿಸುವಷ್ಟರಲ್ಲಿ ನನ್ನ ಸೊಂಟ ಬಿದ್ದುಹೋಯಿತು. ಆಮೇಲೆ ಕೆಂಪು ಬಿಳಿಯವು ಎರಡು ಬಂದವು. ಎರಡೂ ಒಂದೇ ಅಲ್ಲವೇನೇ ಎಂದೆ.

"ಕೆಂಪು ಮ್ಯಾಲಿದ್ರೆ ಇಂಡೋನೇಷ್ಯಾ, ಬಿಳಿ ಮ್ಯಾಲಿದ್ರೆ ಪೋಲೆಂಡ್. ತಿರುಗಿಸಿದ್ರೆ ದೇಶಾನೇ ಬ್ಯಾರೆ ಆಗುತ್ತೆ. ಹುಷಾರವ್ವ."

ಕೊನೆಯ ಚಿತ್ರ ನೀಲಿ ಮತ್ತು ಹಳದಿ. ನೀಲಿ ಮೇಲೆ, ಹಳದಿ ಕೆಳಗೆ. ಉಕ್ರೇನ್ ಅಂತೆ.

"ಅರಿಶಿನ ಕೆಳಗೇನೇ? ಚಿತ್ರ ತಲೆಕೆಳಗು ಛಾಪಿಸ್ಯಾರೆ ನೋಡು."

"ಇಲ್ಲವ್ವ, ಅದು ಹಂಗೇ ಐತೆ," ಎಂದು ಹೇಳಿ ಚೈತ್ರಾ ಕೊಂಡಜ್ಜಿಗೆ ಹೊರಟುಹೋದಳು.

ಎರಡು ಪಟ್ಟಿ ಕೂಡಿಸುವಾಗ ಮೇಲೆ ಯಾವುದು, ಕೆಳಗೆ ಯಾವುದು ಎಂಬುದಿಲ್ಲ. ಕುಣಿಕೆ ಯಾವ ತುದಿಗೆ ಬೀಳುತ್ತದೋ ಅದು ಮೇಲು. ಕುಣಿಕೆ ಹಾಕುವಾಗ ನನ್ನ ಕೈ ತಾನಾಗಿ ಹಳದಿ ತುದಿಗೆ ಹೋಯಿತು. ಮರೆತು ಮಾಡಿದೆ ಎಂದು ಸುಳ್ಳು ಹೇಳಲಾರೆ. ಮಗಳ ಮಾತು ನೆನಪಿತ್ತು. ಆದರೆ ಅರಿಶಿನವನ್ನು ಕೆಳಗಿಟ್ಟು ಹೊಲಿದರೆ ಯಾರಿಗೆ ಒಳ್ಳೆಯದಾದೀತು? ಆ ದೇಶಕ್ಕೆ ಮೊದಲೇ ಯುದ್ಧ ವಕ್ಕರಿಸಿದೆ ಎಂದು ಟಿವಿಯಲ್ಲಿ ನೋಡಿದ್ದೆ. ಅವಳು ಓದಿದ್ದು ಪುಸ್ತಕ, ನಾನು ಓದಿದ್ದು ಬಟ್ಟೆ ಎಂದು ಬೀಗಿಕೊಂಡು ಮಡಚಿ ಗಂಟು ಹಾಕಿದೆ.

ಶಿಬಿರ ಶುರುವಾಗುವ ದಿನ ಬೆಳಿಗ್ಗೆ ಹನ್ನೊಂದೂ ಗಂಟನ್ನು ಚೀಲಕ್ಕೆ ತುಂಬಿ ನಾನೇ ಕೊಂಡಜ್ಜಿಗೆ ಒಯ್ದೆ. ಮೈದಾನದ ತುಂಬ ಮುನ್ನೂರು ಮಕ್ಕಳು ಸಾಲುಗಟ್ಟಿ ನಿಂತಿದ್ದರು. ಸಮವಸ್ತ್ರ ತೊಟ್ಟ ಚೈತ್ರಾ ಗಂಟು ಒಂದೊಂದನ್ನೂ ಅದರದರ ಕಂಬಕ್ಕೆ ಕಟ್ಟಿಸಿದಳು. ಅವಳ ನಡಿಗೆ, ಅವಳ ಆಜ್ಞೆ ನೋಡಿ ನನ್ನ ಎದೆ ಉಬ್ಬಿತು, ಮುಚ್ಚಿಡುವುದೇಕೆ? ಮೊದಲು ನಮ್ಮ ತ್ರಿವರ್ಣ ಬಿಚ್ಚಿಕೊಂಡಿತು. ಆಮೇಲೆ ಸಾಲಾಗಿ ಹನ್ನೊಂದು. ಹಳದಿ ಮೇಲೆ ಬಂದದ್ದು ಎಲ್ಲಕ್ಕಿಂತ ಚಂದ ಕಂಡಿತು ನನ್ನ ಕಣ್ಣಿಗೆ.

ಆ ಕಂಬದ ಕೆಳಗೆ ಕೆಂಚುಗೂದಲಿನ ಒಬ್ಬ ಹುಡುಗಿ ಸೆಲ್ಯೂಟ್ ಹೊಡೆದು ನಿಂತಿದ್ದಳು. ಹೆಸರು ಮಾರ್ತಾ ಎಂದು ಆಮೇಲೆ ಗೊತ್ತಾಯಿತು. ಅವಳು ತಲೆಯೆತ್ತಿ ನೋಡಿದಳು. ಎತ್ತಿದ ಕೈ ಮೆಲ್ಲಗೆ ಕೆಳಗಿಳಿಯಿತು. ಬೈದಿದ್ದರೆ ತಾಳಿಕೊಳ್ಳುತ್ತಿದ್ದೆ. ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

ಶಿಬಿರದ ಮುಖ್ಯಸ್ಥ ರಾಜಕುಮಾರ್ ಸರ್ ದಾಪುಗಾಲು ಹಾಕುತ್ತ ಬಂದರು.

"ಏನ್ ಚೈತ್ರಾ ಇದು? ಅತಿಥಿ ದೇಶದ ಬಾವುಟಾನ ತಲೆಕೆಳಗು ಏರಿಸೋದಾ? ಏರಿಸೋಕೆ ಮುಂಚೆ ಪ್ರತಿಯೊಂದನ್ನೂ ಬಿಚ್ಚಿ ನೋಡ್ಬೇಕು ಅಂತ ನಿಯಮ ಐತೋ ಇಲ್ಲೋ?"

"ಐತೆ ಸರ್."

"ನೋಡಿದ್ರಾ?"

"ಇಲ್ಲ ಸರ್. ನನ್ನ ತಪ್ಪು."

"ಯಾಕ ನೋಡ್ಲಿಲ್ಲ?"

ಚೈತ್ರಾ ನನ್ನ ಕಡೆ ತಿರುಗಲಿಲ್ಲ. ತಲೆ ತಗ್ಗಿಸಿಕೊಂಡೇ ಹೇಳಿದಳು: "ನಮ್ಮವ್ವ ಕಟ್ಟಿದ ಗಂಟು ಸರ್. ನೋಡೋದು ಬ್ಯಾಡ ಅನ್ನಿಸ್ತು."

ಅಯ್ಯೋ ಶಿವನೇ! ನನ್ನ ಮಾತು ಕೇಳಲ್ಲ, ನನ್ನನ್ನು ಲೆಕ್ಕಕ್ಕೇ ಇಡಲ್ಲ ಎಂದು ಊರಿಗೆಲ್ಲ ಸಾರುತ್ತಿದ್ದೆನಲ್ಲ, ಆ ಮಗಳು ನನ್ನನ್ನು ಕಣ್ಣುಮುಚ್ಚಿ ನಂಬಿದ್ದಳು. ನಂಬಿದ್ದಕ್ಕೇ ಈಗ ಮುನ್ನೂರು ಮಕ್ಕಳೆದುರು ಬೈಸಿಕೊಂಡು ನಿಂತಿದ್ದಳು.

"ಸೀಟಿ ಯಶೋದಾ ಮೇಡಂ ಕೈಗೆ ಕೊಟ್ಟು ನೀವು ಮನೆಗೆ ಹೋಗ್ರಿ," ಎಂದರು ರಾಜಕುಮಾರ್ ಸರ್, ಇನ್ನೊಬ್ಬ ಗೈಡ್ಸ್ ಕ್ಯಾಪ್ಟನ್ ಕಡೆ ಕೈ ತೋರಿಸಿ. ಚೈತ್ರಾ ಕೊರಳಿನ ಸೀಟಿ ತೆಗೆದಳು.

ಸುಮ್ಮನಿದ್ದುಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ ಎಂಬ ಕೆಟ್ಟ ಯೋಚನೆ ನನಗೆ ಬಂದುಹೋಯಿತು. ಚೈತ್ರಾ ಸೀಟಿ ಕೊಡಲು ಕೈ ಚಾಚಿದಳು. ಅದನ್ನು ನೋಡಲಾಗಲಿಲ್ಲ. ಚಪ್ಪಲಿ ಕಳಚಿ ಮೈದಾನದೊಳಗೆ ನಡೆದೆ.

"ಆಕಿದಲ್ರಿ ತಪ್ಪು, ನಂದು. ಆಕಿ ಸರಿಯಾಗೇ ಹೇಳಿದ್ಲು. ನಾನೇ ಬೇಕಂತ ತಿರುವಿ ಹೊಲಿದೆ."

"ಬೇಕಂತಾನಾ? ಯಾಕಮ್ಮಾ?"

"ಅರಿಶಿನ ಕೆಳಗಿಡಾಕೆ ಮನಸ್ಸು ಬರ್ಲಿಲ್ರಿ. ಕೆಟ್ಟದ್ದಾಗ್ಲಿ ಅಂತ ಮಾಡ್ಲಿಲ್ಲ. ಒಳ್ಳೇದಾಗ್ಲಿ ಅಂತ್ಲೇ ಮಾಡ್ದೆ."

ಮಾರ್ತಾ ಏನೋ ಕೇಳಿದಳು. ಚೈತ್ರಾ ನನ್ನ ಮಾತನ್ನು ಇಂಗ್ಲಿಷಿನಲ್ಲಿ ಹೇಳಿದಳು. ಆ ಹುಡುಗಿ ನನ್ನನ್ನೇ ನೋಡುತ್ತ ಬಹಳ ಹೊತ್ತು ಮಾತಾಡಿದಳು. ಚೈತ್ರಾ ಕನ್ನಡಕ್ಕೆ ತಂದಳು, ತಡವರಿಸುತ್ತ.

"ಅವ್ವ, ಮ್ಯಾಲಿಂದು ಆಕಾಶ, ಕೆಳಗಿಂದು ಮಾಗಿದ ಗೋಧಿ ಹೊಲ ಅಂತೆ. ಅವರ ಮನೇಲೂ ಗೋಧಿ ಬೆಳೀತಿದ್ರಂತೆ. ಈಗ ಯುದ್ಧದಾಗ ಆ ಹೊಲದ ತುಂಬ ತುಳಿದ್ರೆ ಸಿಡಿಯೋ ಬಾಂಬು ಹೂತಿಟ್ಟಾರೆ. ಮೂರು ವರ್ಷ ಆಯ್ತಂತೆ, ಸ್ವಂತ ಹೊಲಕ್ಕೆ ಯಾರೂ ಕಾಲಿಡಂಗಿಲ್ಲ."

ನನ್ನ ತವರು ಮಲೆಬೆನ್ನೂರು ಕಡೆಯದು. ಭತ್ತ ಮಾಗಿದಾಗ ಗದ್ದೆಯ ಬದುವಿನ ಮೇಲೆ ನಿಂತರೆ ಕಾಣುವುದೂ ಇದೇ ಎರಡು ಬಣ್ಣ, ಇದೇ ಕ್ರಮದಲ್ಲಿ. ಬೆಳೆ ಇರುವುದು ನೆಲದಲ್ಲಿ, ಮತ್ತೆಲ್ಲಿ ಇರಬೇಕು? ನಾನು ಆ ಹುಡುಗಿಯ ಆಕಾಶವನ್ನು ಕಾಲ ಕೆಳಗೆ ಹಾಕಿಬಿಟ್ಟಿದ್ದೆ. ಅಷ್ಟು ನಾಚಿಕೆ ನನಗೆ ಜನ್ಮದಲ್ಲಿ ಆಗಿರಲಿಲ್ಲ.

"ತಪ್ಪಾಯ್ತು ತಾಯಿ, ಇಳಿಸ್ರಿ ಅದನ್ನ," ಎಂದೆ. ಸೂಜಿ ದಾರ ನನ್ನ ಸೆರಗಿನಲ್ಲೇ ಇರುತ್ತದೆ. ಕಂಬದ ಬುಡದಲ್ಲೇ ಕೂತು ಹೊಲಿಗೆ ಬಿಚ್ಚಿ, ಹಗ್ಗವನ್ನು ಪೂರ್ತಿ ಎಳೆದು ತೆಗೆದೆ. ಮಾರ್ತಾ ಎದುರಿಗೆ ಮಂಡಿಯೂರಿ ಬಟ್ಟೆ ನೆಲಕ್ಕೆ ತಾಗದ ಹಾಗೆ ಎರಡು ಮೂಲೆ ಹಿಡಿದಳು. ಬಿಸಿಲಲ್ಲಿ ಮುನ್ನೂರು ಮಕ್ಕಳು ಅಲ್ಲಾಡದೆ ಕಾದರು. ಹಗ್ಗವನ್ನು ತಿರುವಿ ಮತ್ತೆ ತೂರಿಸಿ, ಕುಣಿಕೆಯನ್ನು ನೀಲಿ ತುದಿಗೆ ಹಾಕಿ, ಎರಡೆರಡು ಸಲ ಗಟ್ಟಿಯಾಗಿ ಹೊಲಿದು, ಮಡಚಿ ಗಂಟು ಹಾಕಿದೆ. ಮಾರ್ತಾ ಆ ಗಂಟನ್ನು ತಗೊಂಡು ನೇರ ಚೈತ್ರಾಳ ಕೈಗೆ ಕೊಟ್ಟಳು. ನೀನೇ ಏರಿಸು ಎಂದಳು ಎಂಬುದು ಇಂಗ್ಲಿಷ್ ಬಾರದ ನನಗೂ ತಿಳಿಯಿತು.

ರಾಜಕುಮಾರ್ ಸರ್ ಚೈತ್ರಾಳ ಕಡೆ ತಿರುಗಿದರು. "ಆಯ್ತು, ಏರಿಸ್ರಿ. ಸೀಟಿ ಹಾಕ್ಕೊಳ್ರಿ. ಆದ್ರೆ ನಿಯಮ ನೆನಪಿರ್ಲಿ," ಎಂದರು.

ಚೈತ್ರಾ ನನ್ನ ಮುಖ ನೋಡಿದಳು. ಆಮೇಲೆ ನನ್ನ ಕಣ್ಣೆದುರೇ, ನಾನು ಆಗಷ್ಟೇ ಹಾಕಿದ ಗಂಟನ್ನು ಬಿಚ್ಚಿದಳು. ಕುಣಿಕೆ ಮುಟ್ಟಿ ನೋಡಿದಳು, ನೀಲಿ ಮುಟ್ಟಿ ನೋಡಿದಳು. ನೋಡಲೇಬೇಕಾದದ್ದು, ಅದು ಅವಳ ಕೆಲಸ. ಆದರೂ ಇಷ್ಟು ವರ್ಷ ನನ್ನ ಗಂಟನ್ನು ಅವಳು ಒಮ್ಮೆಯೂ ಬಿಚ್ಚಿ ನೋಡಿರಲಿಲ್ಲ.

"ಇನ್ನೊಂದ್ ಸಲ ನೋಡೇ. ಸರಿಯಾಗಿ ನೋಡು," ಎಂದೆ.

ಅವಳು ಇನ್ನೊಂದು ಸಲ ನೋಡಿದಳು.

"ಸರಿ ಐತವ್ವ," ಎಂದಳು, ಮತ್ತು ಬಾವುಟವನ್ನು ತಾನೇ ಮಡಚಿ ತಾನೇ ಗಂಟು ಹಾಕಿದಳು.