ಅಲ್‌ಶೇರಿನ ಮಂಜುಕೋಲು

ನನ್ನನ್ನು ಮೊದಲ ಸಲ ನೋಡಿದವರು ಈಟಿ ಎಂದುಕೊಳ್ಳುತ್ತಾರೆ. ದೇವರಾಣೆ, ನಾನು ಯಾರನ್ನೂ ಚುಚ್ಚಿದವನಲ್ಲ. ನಾನೊಂದು ಮಂಜುಕೋಲು. ಚಳಿಗಾಲದಲ್ಲಿ ಸಮುದ್ರ ಹೆಪ್ಪುಗಟ್ಟಿದಾಗ, ಅದು ಮನುಷ್ಯರ ಭಾರ ತಾಳುತ್ತದೋ ಇಲ್ಲವೋ ಎಂದು ಬಡಿದು ನೋಡುವುದು ನನ್ನ ಕಸುಬು. ಸಮುದ್ರವೂ ಹೆಪ್ಪುಗಟ್ಟುತ್ತದೆಯೇ ಎಂದು ಹುಬ್ಬೇರಿಸಬೇಡಿ. ಫಿನ್‌ಲ್ಯಾಂಡಿನ ಕರಾವಳಿಯಿಂದ ಏಳು ಕಿಲೋಮೀಟರ್ ಆಚೆಗೆ ಅಲ್‌ಶೇರ್ ಎಂಬ ದ್ವೀಪವಿದೆ. ನಾನು ಅಲ್ಲಿಯವನು. ಅಲ್ಲಿ ವರ್ಷದ ನಾಲ್ಕು ತಿಂಗಳು ಸಮುದ್ರವೇ ರಸ್ತೆಯಾಗಿತ್ತು.

ಅಬ್ರಾಮ್ ಎಂಬ ಕಮ್ಮಾರ ನನ್ನನ್ನು ಮಾಡಿದ. ಬಂಡೆಗೆ ಬಡಿದು ಒಡೆದ ಹಡಗೊಂದರ ಚುಕ್ಕಾಣಿಯ ಕಬ್ಬಿಣವನ್ನು ಕಾಯಿಸಿ, ಬಡಿದು, ಮೊನೆ ತೆಗೆದು, ಮನುಷ್ಯನೆತ್ತರದ ಗಟ್ಟಿಮರದ ದಂಡಕ್ಕೆ ಸಿಕ್ಕಿಸಿದ. ಆಮೇಲೆ ಕಾದ ಮೊಳೆಯಿಂದ ನನ್ನ ಮೈಮೇಲೆ ಎರಡಕ್ಷರ ಸುಟ್ಟ. ಅದು ಅಲ್‌ಶೇರ್ ಕಮ್ಯೂನಿನ ಗುರುತು. ಕಮ್ಯೂನ್ ಅಂದರೆ ನಿಮ್ಮ ಕಡೆಯ ಪಂಚಾಯಿತಿ ಇದ್ದಂತೆ. ನಾಲ್ಕುನೂರ ಹನ್ನೆರಡು ಜನ, ಒಂದು ಚರ್ಚು, ಒಂದು ಶಾಲೆ, ಎಲ್ಲರ ಹಸುಗಳಿಗೂ ಸೇರಿ ಒಂದೇ ಹೋರಿ. ಬಿಗುಮಾನ ಮಾತ್ರ ರಾಜಧಾನಿಯಷ್ಟು. ಎದುರು ದಡದವರು ಹೆಚ್ಚಾಗಿ ಫಿನ್ನಿಶ್ ಆಡುವವರು. ನಮ್ಮವರು ಮುತ್ತಜ್ಜಂದಿರ ಕಾಲದಿಂದ ಸ್ವೀಡಿಶ್‌ನಲ್ಲೇ ಜಗಳವಾಡಿ ಸ್ವೀಡಿಶ್‌ನಲ್ಲೇ ಪ್ರಾರ್ಥನೆ ಮಾಡಿದವರು. ನಮ್ಮ ಪಂಚಾಯಿತಿ ನಮಗಿರಬೇಕು ಎಂಬ ಅವರ ಹಟ ಅಲ್ಲಿಂದ ಬಂದದ್ದು.

ನನ್ನನ್ನು ಹಿಡಿಯುವವನಿಗೆ ಕೋಲುಗಾರ ಎಂಬ ಹೆಸರು. ಪ್ರತಿ ಅಕ್ಟೋಬರಿನ ಸಭೆಯಲ್ಲಿ ಅವನ ನೇಮಕವಾಗುತ್ತಿತ್ತು. ಮಂಜಿನ ಮೇಲೆ ಅವನು ಮುಂದೆ, ಉಳಿದವರು ಹತ್ತು ಹೆಜ್ಜೆ ಹಿಂದೆ. ಮೂರು ಹೆಜ್ಜೆಗೊಮ್ಮೆ ಅವನು ನನ್ನನ್ನು ಎತ್ತಿ ಕುಕ್ಕುತ್ತಿದ್ದ. ಗಟ್ಟಿ ಮಂಜುಗಡ್ಡೆಯಾದರೆ ಠಣ್ಣೆನ್ನುತ್ತಿತ್ತು, ಹಾಳಾದ ಗಡ್ಡೆಯಾದರೆ ಧೊಪ್ಪೆನ್ನುತ್ತಿತ್ತು. ಅವನು ಆಲಿಸಿ ಒಂದೇ ಮಾತು ಹೇಳುತ್ತಿದ್ದ: “ಬ್ಯಾರ್.” ಅವರ ನುಡಿಯಲ್ಲಿ ಅದಕ್ಕೆ ‘ತಾಳುತ್ತೆ’ ಎಂದರ್ಥ. ಸದ್ದು ಕೇಳಿಸಲೆಂದು ಹಿಂದಿನವರು ದಡ ಸೇರುವ ತನಕ ತುಟಿ ಬಿಚ್ಚುವಂತಿರಲಿಲ್ಲ. ಅವನು ಬ್ಯಾರ್ ಅಂದ ಮೇಲಂತೂ ಎದುರು ಮಾತೇ ಇಲ್ಲ. ಕೋಲುಗಾರನನ್ನು ಅನುಮಾನಿಸುವುದು ಚರ್ಚಿನೊಳಗೆ ಸೀಟಿ ಹೊಡೆಯುವಷ್ಟು ಕೆಟ್ಟ ನಡತೆಯಾಗಿತ್ತು.

ನನ್ನ ಮೊದಲ ಕೋಲುಗಾರ ವಾಲ್ಫ್ರಿಡ್. ಅಗಲ ಭುಜದ, ಮಾತು ಕಡಿಮೆಯ ಮನುಷ್ಯ. ಹೆಂಡತಿ ತೀರಿಕೊಂಡಿದ್ದಳು, ಗುನ್ನೆಲ್ ಎಂಬ ಒಬ್ಬಳೇ ಮಗಳು. ಹದಿನೆಂಟು ಚಳಿಗಾಲ ಅವನು ನನ್ನನ್ನು ಕುಕ್ಕಿದಾಗಲೆಲ್ಲ ತಲೆಯನ್ನು ಎಡಕ್ಕೆ ವಾಲಿಸಿ ಆಲಿಸುತ್ತಿದ್ದ. ಆ ಹದಿನೆಂಟು ವರ್ಷ ಅಲ್‌ಶೇರಿನ ಒಬ್ಬರೂ ನೀರುಪಾಲಾಗಲಿಲ್ಲ. ನನಗೂ ಸ್ವಲ್ಪ ಕೊಬ್ಬು ಬಂದಿತ್ತು ಎನ್ನಿ.

ಹತ್ತೊಂಬತ್ತನೇ ಚಳಿಗಾಲದಲ್ಲಿ ಅವನು ಕುಕ್ಕಿದ, ತಲೆ ವಾಲಿಸಲಿಲ್ಲ. ಮತ್ತೆ ಕುಕ್ಕಿದ. ನನ್ನ ಮೊನೆಯನ್ನೇ ಕಣ್ಣು ಕಿರಿದು ಮಾಡಿ ನೋಡಿದ.  ನನಗೆ ಎದೆ ಇದ್ದಿದ್ದರೆ ಧಸಕ್ಕೆನ್ನುತ್ತಿತ್ತು. ವಾಲ್ಫ್ರಿಡ್‌ಗೆ ಕಿವಿ ಹೋಗಿತ್ತು.

ಅವನು ಯಾರಿಗೂ ಹೇಳಲಿಲ್ಲ. ಎದುರಿನವರ ತುಟಿ ನೋಡಿ ಮಾತು ಊಹಿಸುತ್ತಿದ್ದ. ಅರ್ಥವಾಗದಿದ್ದರೆ ‘ಹ್ಞೂಂ’ ಎಂದು ಹೊಗೆಸೊಪ್ಪಿನ ಪೈಪು ಹಚ್ಚುತ್ತಿದ್ದ. ಮೊದಲೇ ಮಾತು ಕಡಿಮೆಯವನಾದ್ದರಿಂದ ಗುನ್ನೆಲ್‌ಗೂ ಅನುಮಾನ ಬರಲಿಲ್ಲ. ಆ ವರ್ಷ ಚಳಿ ಜೋರಾಗಿ ಮಂಜುಗಡ್ಡೆ ಎಲ್ಲೆಡೆ ಮೊಳದಷ್ಟು ದಪ್ಪವಾಗಿತ್ತು. ಕಣ್ಣಿನಿಂದಲೇ ಕೆಲಸ ನಡೆಯಿತು. ನಾನು ಮಾತ್ರ ಮಾರ್ಚ್ ತಿಂಗಳನ್ನು ನೆನೆದು ನಡುಗುತ್ತಿದ್ದೆ. ಬಿಸಿಲಿಗೆ ಸಿಕ್ಕ ಮಂಜುಗಡ್ಡೆ ಮೇಲೆ ನೋಡಲು ದಪ್ಪಗೇ ಇರುತ್ತದೆ, ಒಳಗೆ ಸೂಜಿ ಸೂಜಿಯಾಗಿ ಬಿಟ್ಟುಕೊಂಡಿರುತ್ತದೆ. ಅದನ್ನು ಕಣ್ಣು ಕಾಣಲಾರದು, ಕಿವಿಯೇ ಹೇಳಬೇಕು.

ನಡೆದು ಹೋಗಲು ಮಂಜು ಸಾಲದ, ದೋಣಿ ಬಿಡಲು ನೀರು ಸಾಲದ ಆ ದಿನಗಳಿಗೆ ನಮ್ಮವರು ಮೆನ್‌ಫೋರೆ ಎನ್ನುತ್ತಾರೆ. ಮೆನ್‌ಫೋರೆಯಲ್ಲಿ ಯಾರೂ ಮನೆ ಬಿಟ್ಟು ಕದಲುವುದಿಲ್ಲ. ಟಪಾಲು ಬರುವುದಿಲ್ಲ, ಸತ್ತವರನ್ನು ಹೂಳಲು ಪಾದ್ರಿ ಬರುವುದಿಲ್ಲ. ಆದರೆ ಎಡ್ಲಾಳ ಹೆರಿಗೆಗೆ ಇದು ಗೊತ್ತಿರಲಿಲ್ಲ. ಎಡ್ಲಾ ನಮ್ಮ ಪಕ್ಕದ ಮನೆಯವಳು. ಆ ಮಾರ್ಚಿನಲ್ಲಿ ಎರಡು ದಿನದಿಂದ ನೋವು ತಿನ್ನುತ್ತಿದ್ದಳು. ಅವಳ ಗಂಡ ಮಂಜು ಹಾಳಾಗುವ ಮೊದಲೇ ಉಳಿದ ಗಂಡಸರೊಂದಿಗೆ ಸೀಲ್ ಎಂಬ ಕಡಲಪ್ರಾಣಿಯ ಬೇಟೆಗೆ ಹೋಗಿದ್ದ. ಮಂಜಿನ ಮೇಲೂ ನೀರಿನ ಮೇಲೂ ಸಾಗುವ ಹಗುರ ದೋಣಿಗಳನ್ನು ಅವರೇ ಒಯ್ದಿದ್ದರು. ಬೆಳಿಗ್ಗೆ ಸೂಲಗಿತ್ತಿ ಹುಲ್ಡಾ ಓಡಿ ಬಂದಳು.

“ಮಗು ಅಡ್ಡ ಬಿದ್ದಿದೆ, ವಾಲ್ಫ್ರಿಡ್. ನನ್ ಕೈಲಾಗಲ್ಲ. ಆಸ್ಪತ್ರೆಗೆ ಸೇರಿಸ್ಲಿಲ್ಲ ಅಂದ್ರೆ ಇಬ್ಬರೂ ಉಳಿಯಲ್ಲ. ಮಂಜು ಹೇಗಿದೆ?”

ಅವನು ಅವಳ ತುಟಿಯನ್ನೇ ನೋಡುತ್ತಿದ್ದ. ಒಂದು ಗಳಿಗೆ ನನಗೆ ಆಸೆ ಹುಟ್ಟಿತು, ಈಗ ಹೇಳಿಬಿಡುತ್ತಾನೆ ಎಂದು. ಅವನು ನನ್ನತ್ತ ಕೈ ಚಾಚಿದ.

ಜಾರುಬಂಡಿಯಲ್ಲಿ ಎಡ್ಲಾಳನ್ನು ತುಪ್ಪಳದಲ್ಲಿ ಸುತ್ತಿ ಮಲಗಿಸಿದರು. ಗುನ್ನೆಲ್, ಹುಲ್ಡಾ ಇಬ್ಬರೂ ಹಗ್ಗ ಹಿಡಿದರು. ಹತ್ತು ಹೆಜ್ಜೆ ಮುಂದೆ ವಾಲ್ಫ್ರಿಡ್, ಅವನ ಕೈಯಲ್ಲಿ ನಾನು. ಮೊದಲ ಎರಡು ಕಿಲೋಮೀಟರ್ ನಾನು ಠಣ್ ಠಣ್ಣೆಂದೆ, ಅವನು ಬ್ಯಾರ್, ಬ್ಯಾರ್ ಎಂದ. ಎಡ್ಲಾ ತುಪ್ಪಳವನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದಳು. ಆ ಸ್ಥಿತಿಯಲ್ಲೂ ಅವಳು ಕಟ್ಟಳೆ ಮುರಿದು ಕೂಗಲಿಲ್ಲ.

ನಡುದಾರಿಯಲ್ಲಿ ಮಂಜಿನಡಿಯಲ್ಲಿ ನೀರಿನ ಸೆಳೆತ ಜೋರಾಗಿರುವ ಜಾಗವೊಂದಿದೆ. ಅಲ್ಲಿ ನನ್ನನ್ನು ಕುಕ್ಕಿದ.

ಧೊಪ್.

ನಾನು ನನ್ನ ಕೈಲಾದಷ್ಟು ಜೋರಾಗಿ ಹೇಳಿದ್ದೆ. ಅವನು ಮೊನೆ ನೋಡಿದ. ನೀರು ಚಿಮ್ಮಲಿಲ್ಲ. “ಬ್ಯಾರ್,” ಎಂದ.

ಹಿಂದೆ ಗುನ್ನೆಲ್ ನಿಂತುಬಿಟ್ಟಳು. ತೊಟ್ಟಿಲಲ್ಲಿ ಮಲಗಿದ್ದಾಗಿನಿಂದ ಈ ಸದ್ದು ಕೇಳಿಕೊಂಡು ಬೆಳೆದವಳು.  ಹುಲ್ಡಾ ಅವಳನ್ನು ನೋಡಿದಳು. ಅವಳಿಗೂ ಕೇಳಿಸಿತ್ತು. ಆದರೂ ಇಬ್ಬರೂ ಬಾಯಿ ಬಿಡಲಿಲ್ಲ! ಸಾವು ಕಾಲ ಕೆಳಗಿದ್ದಾಗಲೂ ಕಟ್ಟಳೆ ಕಾಯುವ ಜನ ನಮ್ಮವರು. ಇದನ್ನು ನೆನೆದರೆ ಇವತ್ತಿಗೂ ನನಗೆ ಸಿಟ್ಟು ಬರುತ್ತದೆ. ವಾಲ್ಫ್ರಿಡ್ ಮತ್ತೆ ಮೂರು ಹೆಜ್ಜೆ ಇಟ್ಟ.

ಧೊಪ್.

“ಬ್ಯಾರ್.”

“ಅಪ್ಪಾ,” ಎಂದಳು ಗುನ್ನೆಲ್, ಮೊದಲು ಮೆಲ್ಲಗೆ. ಅವನು ಮೂರು ಹೆಜ್ಜೆ ಮುಂದಿಟ್ಟ. “ಅಪ್ಪಾ!” ಈ ಸಲ ಜೋರಾಗಿ. “ಅಪ್ಪಾ, ನಿಲ್ಲು!” ಎಂದು ಅರಚಿದಳು. ದೂರದ ಬಂಡೆಯ ಮೇಲಿದ್ದ ಕಾಗೆ ಹೆದರಿ ಹಾರಿತು. ಅಪ್ಪ ತಿರುಗಲಿಲ್ಲ. ಆಗ ಅವಳಿಗೆ ಎಲ್ಲವೂ ಒಟ್ಟಿಗೆ ಅರ್ಥವಾಯಿತು. ಆ ಚಳಿಗಾಲದ ಅಷ್ಟೂ ಹ್ಞೂಂಗಳು, ಅಷ್ಟೂ ಪೈಪುಗಳು.

ಓಡಿ ಹೋಗುವಂತಿರಲಿಲ್ಲ, ಒಬ್ಬನ ಭಾರವನ್ನೇ ತಾಳದ ಗಡ್ಡೆ ಇಬ್ಬರದನ್ನು ತಾಳುತ್ತದೆಯೇ? ಅವಳು ಕೈಯ ಉಣ್ಣೆಗವಸು ಕಿತ್ತು, ಹಿಮದ ಉಂಡೆ ತುಂಬಿ, ಬೀಸಿ ಎಸೆದಳು. ಅದು ಅವನ ಬೆನ್ನಿಗೆ ಬಿತ್ತು. ವಾಲ್ಫ್ರಿಡ್ ತಿರುಗಿದ. ಮಗಳು ತನ್ನ ಕಿವಿ ಮುಟ್ಟಿ ತೋರಿಸಿ, ತಲೆ ಅಲ್ಲಾಡಿಸಿದಳು.

ಅವನ ಮುಖ ಹೇಗಾಯಿತೆಂದು ವರ್ಣಿಸಲು ನನಗೆ ಮನಸ್ಸಿಲ್ಲ. ಕಾಲಡಿಯ ಸಾವಿಗಿಂತ ಅವಳ ಬೆರಳಿಗೆ ಅವನು ಹೆಚ್ಚು ಹೆದರಿದ.

ಆಮೇಲೆ ಅವನು ಮಾಡಿದ್ದು ಸರಿಯಾಗಿತ್ತು. ಮೆಲ್ಲಗೆ ಹೊಟ್ಟೆಯ ಮೇಲೆ ಮಲಗಿದ. ಮಂಜಿನ ಮೇಲೆ ಕೋಲು ಕೈ ಬದಲಾಯಿಸಬಾರದು ಎಂಬುದೂ ಒಂದು ಕಟ್ಟಳೆ. ಅದನ್ನು ಮುರಿದು ನನ್ನನ್ನು ಅವಳತ್ತ ದೂಡಿದ. ಅವರಿಬ್ಬರ ನಡುವೆ ನಾನು ಒಬ್ಬನೇ ಜಾರಿದೆ. ಜನ್ಮದಲ್ಲಿ ಅಷ್ಟು ಉದ್ದದ ದಾರಿಯನ್ನು ನಾನು ನೋಡಿಲ್ಲ. ಗುನ್ನೆಲ್ ನನ್ನನ್ನು ಹಿಡಿದಳು. ಅವನು ತೆವಳಿ ಬರತೊಡಗಿದ. ನಾಲ್ಕು ಮೊಳ ಬಂದಿದ್ದನೋ ಇಲ್ಲವೋ, ಅವನಡಿಯ ಗಡ್ಡೆ ಸದ್ದೇ ಇಲ್ಲದೆ ಕುಸಿಯಿತು. ಎದೆಯವರೆಗೂ ಕಪ್ಪು ನೀರು.

ಗುನ್ನೆಲ್ ಅಡ್ಡ ಬಿದ್ದು, ಹೊಟ್ಟೆಯ ಮೇಲೆ ತೆವಳಿ ಹತ್ತಿರ ಬಂದು ನನ್ನನ್ನು ಚಾಚಿದಳು. ಅವಳ ಕೈಯಲ್ಲಿ ಮರದ ತುದಿ, ಅವನಿಗೆ ಮೊನೆಯ ಕಡೆ. ಅವನು ಹಿಡಿಯಲಿಲ್ಲ. “ಬಿಡು, ನೀನೂ ಬೀಳ್ತೀಯ. ಎಡ್ಲಾನ್ನ ಕರ್ಕೊಂಡ್ ಹೋಗು,” ಎಂದ.

ಅವಳು ಬಾಯಿ ದೊಡ್ಡದು ಮಾಡಿ, ತುಟಿ ಕಾಣುವಂತೆ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು: “ಹಿ-ಡಿ.”

ಹಿಡಿದ. ಹಿಂದೆಯೇ ತೆವಳಿ ಬಂದ ಹುಲ್ಡಾ ಗುನ್ನೆಲ್‌ಳ ಕಾಲು ಹಿಡಿದು ಎಳೆದಳು. ನನ್ನ ದಂಡ ಲಟಕ್ಕೆಂದಿತು. ಮುರಿದೇ ಹೋದೆ ಎಂದುಕೊಂಡೆ. ಮುರಿಯಲಿಲ್ಲ. ಅವನು ಅಂಗುಲ ಅಂಗುಲವಾಗಿ ಮೇಲೆ ಬಂದ.

ಉಳಿದ ದಾರಿಯನ್ನು ಗುನ್ನೆಲ್ ಮುಂದೆ ನಿಂತು ಬಡಿದಳು. ಬಡಗಣ ಬಂಡೆಗಳ ಪಕ್ಕದಿಂದ ಸುತ್ತಿ, ಎರಡು ಸಲ ಹಿಂದಿರುಗಿ, ಮತ್ತೆ ದಾರಿ ಹುಡುಕಿದಳು. ಅವಳಪ್ಪ ಒದ್ದೆ ಬಟ್ಟೆ ಮರಗಟ್ಟಿದ್ದರೂ ಹುಲ್ಡಾಳ ಪಕ್ಕದಲ್ಲಿ ಹಗ್ಗ ಎಳೆದ. ಮಧ್ಯಾಹ್ನ ದಡ ಸೇರಿದರು. ಸಂಜೆಗೆ ಎಡ್ಲಾಳಿಗೆ ಹೆಣ್ಣುಮಗುವಾಯಿತು. ಇಬ್ಬರೂ ಉಳಿದರು.

“ಮಂಜಿನ ಮೇಲೆ ಏನೂ ಆಗ್ಲಿಲ್ಲ. ನಾನಂತೂ ಯಾರಿಗೂ ಹೇಳಲ್ಲ,” ಎಂದಳು ಹುಲ್ಡಾ. ಎಡ್ಲಾ ಕೂಡ ಆಣೆ ಇಟ್ಟಳು. ಒಳ್ಳೆಯ ಮನಸ್ಸಿನವರೇ. ಆದರೆ ನನಗೆ ಅಂದಿನಿಂದ ಸಮಾಧಾನವಿರಲಿಲ್ಲ. ಮುಂದಿನ ಚಳಿಗಾಲ ಬರುತ್ತದೆ, ಎದುರು ದಡಕ್ಕೆ ಹೊರಟ ಮಕ್ಕಳು, ಮುದುಕಿಯರು, ಎಲ್ಲರೂ ಹತ್ತು ಹೆಜ್ಜೆ ಹಿಂದೆ ನಿಂತು ಈ ಕಿವುಡನ ಮಾತಿಗೆ ಕಾಯುತ್ತಾರೆ.

ಬೇಸಿಗೆಯೆಲ್ಲ ಗುನ್ನೆಲ್ ಬೇಡಿಕೊಂಡಳು. “ನೀನೇ ಹೇಳ್ಬೇಕಪ್ಪ. ನಾನು ಹೇಳಿದ್ರೆ ನಿನ್ನ ಮಾನ ಕಳೆದ ಹಾಗೆ.” ಅವನು ಮುಖ ಆಚೆ ತಿರುಗಿಸುತ್ತಿದ್ದ. ತುಟಿ ಕಾಣದಿದ್ದರೆ ಮಾತೂ ಇಲ್ಲವಲ್ಲ.

ಅಕ್ಟೋಬರ್ ಸಭೆ ಬಂತು. ವಾಡಿಕೆಯಂತೆ ನನ್ನನ್ನು ಮೇಜಿನ ಮೇಲೆ ಮಲಗಿಸಿದ್ದರು. ಅಧ್ಯಕ್ಷನಿಗೆ ಬಾಯಿ ಮುಚ್ಚುವಷ್ಟು ಗಡ್ಡಮೀಸೆ. ವಾಲ್ಫ್ರಿಡ್‌ಗೆ ಆ ಕಾಡಿನೊಳಗೆ ತುಟಿ ಎಲ್ಲಿ ಕಾಣಬೇಕು? ಬಾವಿ ಯಾರು ನೋಡಿಕೊಳ್ಳುತ್ತಾರೆ, ಚರ್ಚಿನ ಗಂಟೆ ಯಾರು ಬಾರಿಸುತ್ತಾರೆ ಎಂದು ಅಧ್ಯಕ್ಷ ಓದುತ್ತಾ ಹೋದ. ಆಮೇಲೆ ತಲೆಯೆತ್ತಿ, ಯಾರನ್ನೂ ನಿರ್ದಿಷ್ಟವಾಗಿ ನೋಡದೆ, “ಈ ವರ್ಷ ಹೋರಿ ಯಾರು ಸಾಕ್ತೀರಿ?” ಎಂದ.

ಕೋಲುಗಾರನ ಸರದಿ ಬಂತೆಂದುಕೊಂಡ ವಾಲ್ಫ್ರಿಡ್ ಗಂಭೀರವಾಗಿ ಎದ್ದು ನಿಂತು ‘ಆಗಲಿ’ ಎಂಬಂತೆ ತಲೆಯಾಡಿಸಿದ.

ಸಭೆ ಗೊಳ್ಳೆಂದಿತು. ಅವನ ಮನೆಯಲ್ಲಿ ಒಂದು ಕರುವೂ ಇರಲಿಲ್ಲ. ಬೆಂಚಿನ ಮೇಲೆ ಜನ ಉರುಳಾಡಿ ನಕ್ಕರು. ವಾಲ್ಫ್ರಿಡ್ ಒಂದೊಂದೇ ಮುಖ ನೋಡಿದ. ಯಾಕೆ ನಗುತ್ತಾರೆಂದು ಅವನಿಗೆ ತಿಳಿಯಲಿಲ್ಲ. ಕೊನೆಗೆ ಮಗಳನ್ನು ನೋಡಿದ. ಅವಳೊಬ್ಬಳೇ ನಗುತ್ತಿರಲಿಲ್ಲ. ಅವಳು ಅಪ್ಪನಿಗೆ ಮಾತ್ರ ಕಾಣುವಂತೆ ತುಟಿಯಾಡಿಸಿದಳು: “ಹೋರಿ.”

ಅವನು ಮೇಜಿನ ಬಳಿ ಬಂದು ನನ್ನ ಮೇಲೆ ಅಂಗೈ ಇಟ್ಟ.

“ಆಯ್ತು, ಹೋರಿ ಸಾಕ್ತೀನಿ,” ಎಂದ. “ಕೋಲು ಬೇರೆಯವರಿಗೆ ಕೊಡಿ. ನನಗೆ ಕಿವಿ ಕೇಳಲ್ಲ. ಹೋದ ಚಳಿಗಾಲದಿಂದ್ಲೇ ಕೇಳಲ್ಲ.”

ನಗು ನಿಂತುಹೋಯಿತು. ಆ ಚಳಿಗಾಲದಲ್ಲಿ ತಾವು ಎಷ್ಟು ಸಲ ಅವನ ಹಿಂದೆ ನಡೆದೆವು, ಯಾರ ಯಾರ ಮಕ್ಕಳನ್ನು ಕಳಿಸಿದೆವು ಎಂದು ಒಬ್ಬೊಬ್ಬರೂ ನೆನೆಯುತ್ತಿದ್ದರು. ಬೈಯುತ್ತಾರೆಂದುಕೊಂಡೆ. ಯಾರೂ ಬೈಯಲಿಲ್ಲ. ಅಧ್ಯಕ್ಷ ನನ್ನನ್ನೆತ್ತಿ ಗುನ್ನೆಲ್‌ಗೆ ಕೊಟ್ಟ. ವಾಲ್ಫ್ರಿಡ್ ಸಾಯುವ ತನಕ ಹನ್ನೊಂದು ವರ್ಷ ಆ ಹೋರಿಯನ್ನು ಸಾಕಿದ, ಚೆನ್ನಾಗಿಯೇ ಸಾಕಿದ.

ಗುನ್ನೆಲ್ ಮೂವತ್ತನಾಲ್ಕು ಚಳಿಗಾಲ ಕೋಲುಗಾರ್ತಿಯಾಗಿದ್ದಳು. ಮೊದಲ ದಿನವೇ ಹಿಂದಿನವರತ್ತ ತಿರುಗಿ, “ನಾನು ಬ್ಯಾರ್ ಅಂದ್ರೂ ನಿಮಗೆ ಬೇರೆ ಥರ ಕೇಳಿಸಿದ್ರೆ ಕೂಗಿ. ಸುಮ್ನಿದ್ದವರನ್ನ ನಾನೇ ನೀರಿಗೆ ತಳ್ತೀನಿ,” ಎಂದಳು. ನಮ್ಮವರು ಅದನ್ನು ಎಷ್ಟು ಮನಸ್ಸಿಗೆ ಹಚ್ಚಿಕೊಂಡರೆಂದರೆ, ಆಮೇಲೆ ಮಂಜಿನ ಮೇಲೆ ಸಂತೆಯೇ ನಡೆಯುತ್ತಿತ್ತು. ಅವಳೇ ಗದರಿಸಿ ಸುಮ್ಮನಾಗಿಸಬೇಕಾಗುತ್ತಿತ್ತು. ಅವಳ ಕಾಲದಲ್ಲೂ ಯಾರೂ ಮುಳುಗಲಿಲ್ಲ.

ಆಮೇಲೆ ಮಂಜು ಸೀಳಿಕೊಂಡು ಓಡಾಡುವ ದೊಡ್ಡ ಫೆರ್ರಿ ಹಡಗು ಬಂತು. ನನ್ನ ರಸ್ತೆಯನ್ನು ಅದು ದಿನಕ್ಕೆ ಆರು ಸಲ ಒಡೆಯಿತು. ನನ್ನನ್ನು ಪಂಚಾಯಿತಿ ಸಭಾಂಗಣದ ಗೋಡೆಗೆ ತೂಗುಹಾಕಿದರು. ಅದೇ ಫೆರ್ರಿ ಹತ್ತಿ ಮಕ್ಕಳು ದಡದ ಶಾಲೆಗೆ ಹೋದರು, ಜನ ಕರಗಿದರು. ಈಗ ನಾನಿರುವುದು ಎದುರು ದಡದ ದೊಡ್ಡ ಪಂಚಾಯಿತಿಯ ಉಗ್ರಾಣದ ಮೂಲೆಯಲ್ಲಿ, ಮುರಿದ ಕುರ್ಚಿಗಳ ಜೊತೆ. ಇಲ್ಲಿನ ಪಟ್ಟಿಯಲ್ಲಿ ನನ್ನನ್ನು ಧ್ವಜದ ಕೋಲು ಎಂದು ಬರೆದಿದ್ದಾರೆ. ಬೇಸರವಿಲ್ಲ ಎಂದರೆ ಸುಳ್ಳಾದೀತು. ಕಬ್ಬಿಣಕ್ಕೆ ತುಕ್ಕು ಹಿಡಿದಿದೆ. ಸತ್ಯ ನುಡಿಯುವವನು ನಾನೇ ಎಂದು ಒಂದು ಕಾಲಕ್ಕೆ ಮೆರೆದಿದ್ದೆ. ಕೇಳಿಸಿಕೊಳ್ಳುವವರಿಲ್ಲದಿದ್ದರೆ ನನ್ನ ಸತ್ಯ ಬರೀ ಸದ್ದು ಎಂದು ಈ ಮೂಲೆಯಲ್ಲಿ ಕುಳಿತು ಒಪ್ಪಿಕೊಂಡಿದ್ದೇನೆ. ಹೀಗೆ ಯೋಚಿಸುವಾಗಲೆಲ್ಲ ಅಲ್‌ಶೇರಿನ ಕೊನೆಯ ಸಭೆ ಕಣ್ಣ ಮುಂದೆ ಬರುತ್ತದೆ.

ನಾನು ಗೋಡೆಯ ಮೇಲಿದ್ದೆ. ಕೆಳಗೆ ನಲವತ್ತು ಜನ. ಆಗಿನ ಅಧ್ಯಕ್ಷ ಕಾಗದದಲ್ಲಿ ಮುಖ ಹುದುಗಿಸಿ ಗಡಿಬಿಡಿಯಲ್ಲಿ ಓದಿದ: ಆಡಳಿತಾತ್ಮಕ ಪುನರ್‌ರಚನೆ, ವಿಲೀನ, ಸರ್ವಾನುಮತದ ಅಂಗೀಕಾರ.  ಕೋಟು ಹಾಕಿಕೊಂಡು ಮನೆಗೆ ಹೊರಡಲು ಕೆಲವರು ಆಗಲೇ ಗುಂಡಿ ಹುಡುಕುತ್ತಿದ್ದರು. ಆಗ ಮುಂದಿನ ಸಾಲಿನಿಂದ ಗುನ್ನೆಲ್ ಎದ್ದಳು. ಅವಳಿಗೆ ಎಪ್ಪತ್ತೆಂಟು.

“ನನಗೆ ಕಿವಿ ಕೇಳಲ್ಲಪ್ಪ,” ಎಂದಳು, ಯಾವ ಮುಜುಗರವೂ ಇಲ್ಲದೆ. “ನನ್ನ ಕಡೆ ತಿರುಗಿ ಇನ್ನೊಂದ್ಸಲ ಹೇಳು.”

ಅಧ್ಯಕ್ಷ ಕಾಗದ ಎತ್ತಿಕೊಂಡ. ಅವಳು ಅವನ ತುಟಿಯನ್ನೇ ನೋಡುತ್ತಾ ನಿಂತಿದ್ದಳು. ಅವನು ಕಾಗದ ಕೆಳಗಿಟ್ಟ.

“ಗುನ್ನೆಲಜ್ಜಿ,” ಎಂದ, ಒಂದೊಂದೇ ಮಾತು ಬಿಡಿಸಿ, “ಜನವರಿ ಒಂದರಿಂದ ಅಲ್‌ಶೇರ್ ಅನ್ನೋ ಊರಿಗೆ ಪಂಚಾಯಿತಿ ಇರಲ್ಲ. ನಮ್ಮದು ಅಂತ ಇನ್ನು ಏನೂ ಇರಲ್ಲ.”

ಈ ಸಲ ಆ ನಲವತ್ತು ಜನಕ್ಕೂ ಕೇಳಿಸಿತು.